ಇಂದಿನ ಧಮ್ಮ ಚಿಂತನೆ: ಬಿಸಿ ಕೋಣೆಗೆ ಫೋನ್ ಬೇಡ

 

ಮೌಲ್ಯಮಾಪನಕ್ಕೆಂದು ನಗರಕ್ಕೆ ಹೋಗಿದ್ದಾಗ ತಮ್ಮ ತನ್ನ ಜಿಮ್‌ಗೆ ಕರೆದೊಯ್ದ. ಅಲ್ಲೊಂದು ಸೌನಾ ಇತ್ತು. ಮರದ ಹಲಗೆಯ ಪುಟ್ಟ ಕೋಣೆ, ಮೂಲೆಯಲ್ಲಿ ಕಾದ ಕಲ್ಲುಗಳು. ಟವೆಲ್ ಸುತ್ತಿಕೊಂಡು ಕೂತೆ. ಅಭ್ಯಾಸಬಲ, ಫೋನೂ ಕೈಯಲ್ಲಿತ್ತು. ನಮ್ಮ ಗುಂಪಿನ ಅಂದಿನ ಚಿಂತನೆಯನ್ನೇ ಓದುತ್ತಿದ್ದೆ. ಎದುರಿಗಿದ್ದ ಹಿರಿಯರೊಬ್ಬರು ಟವೆಲನ್ನು ಎದೆಯವರೆಗೆ ಎಳೆದುಕೊಂಡು, "ಸರ್, ಫೋಟೋ ಏನಾದ್ರೂ ತೆಗೀತಿದ್ದೀರಾ?" ಎಂದರು.

ಮೊದಲು ಬಂದದ್ದು ಸಿಟ್ಟು. ಮಕ್ಕಳಿಗೆ ಶೀಲ ಹೇಳುವ ಮೇಷ್ಟ್ರ ಮೇಲೆ ಅನುಮಾನವೇ! ಆಮೇಲೆ ಹೊಳೆಯಿತು, ಕ್ಯಾಮೆರಾ ಅವರ ಕಡೆಗೇ ಮುಖ ಮಾಡಿತ್ತು. ನಾನು ಓದುತ್ತಿದ್ದದ್ದು ಧಮ್ಮವೆಂದು ಅವರಿಗೆ ಹೇಗೆ ತಿಳಿಯಬೇಕು? ಕ್ಷಮೆ ಕೇಳಿ, ಫೋನನ್ನು ಲಾಕರಿನಲ್ಲಿಟ್ಟು ಬಂದೆ.

ಬಿಸಿ ಸ್ನಾನ ನಮ್ಮ ಪರಂಪರೆಗೆ ಹೊಸದಲ್ಲ. ವಿನಯಪಿಟಕದ ಚುಲ್ಲವಗ್ಗದಲ್ಲಿ 'ಜಂತಾಘರ' ಎಂಬ ಬಿಸಿ ಸ್ನಾನದ ಮನೆಯ ವಿಷಯ ಬರುತ್ತದೆ. ವೈಶಾಲಿಯಲ್ಲಿ ಭಾರಿ ಊಟ ಉಂಡು ಭಿಕ್ಖುಗಳು ಕಾಯಿಲೆ ಬಿದ್ದಾಗ ವೈದ್ಯ ಜೀವಕ ಎರಡನ್ನು ಕೇಳಿಕೊಂಡ: ನಡೆದಾಡಲು ಒಂದು ದಾರಿ, ಬೆವರಲು ಜಂತಾಘರ. ಭಗವಾನರು ಎರಡಕ್ಕೂ ಅನುಮತಿ ಕೊಟ್ಟರು. ಜೊತೆಗೆ ನಡತೆಯನ್ನೂ ಹೇಳಿದರು: ಹಿರಿಯ ಭಿಕ್ಖುಗಳನ್ನು ಒತ್ತರಿಸಿ ಕೂರಬಾರದು, ಕಿರಿಯರನ್ನು ಜಾಗದಿಂದ ಎಬ್ಬಿಸಬಾರದು. ಹಿರಿತನವೆಂದರೆ ಹುಟ್ಟಲ್ಲ, ದೀಕ್ಷೆಯ ಕಾಲ. ಕ್ಷೌರಿಕ ಉಪಾಲಿಗೆ ಶಾಕ್ಯ ಕುಮಾರರು ಕಿರಿಯರಾದದ್ದು ಹೀಗೆಯೇ. ಬಟ್ಟೆ ಕಳಚಿದ ಕಡೆಯೂ ಮನುಷ್ಯನ ಘನತೆ ಕಳಚಬಾರದೆಂಬ ಎಚ್ಚರ ಆ ನಿಯಮಗಳಲ್ಲಿದೆ.

ಫಿನ್ಲೆಂಡ್ ಸೌನಾದ ನಾಡು. ಅಲ್ಲಿ ಸುಮಾರು 55 ಲಕ್ಷ ಜನಕ್ಕೆ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. 2020ರಲ್ಲಿ ಯುನೆಸ್ಕೋ ಆ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿ ಬಟ್ಟೆಯ ಜೊತೆಗೆ ಹುದ್ದೆಯನ್ನೂ ಹೊರಗೆ ಬಿಟ್ಟು ಕೂರುತ್ತಾರೆ. ಆ ನಂಬಿಕೆ ಒಡೆಯಲು ಒಂದು ಕ್ಯಾಮೆರಾ ಸಾಕು.

ಎರಡನೆಯ ಶೀಲ ನೆನಪಿಸಿಕೊಳ್ಳಿ: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು. ದುಡ್ಡು, ಒಡವೆ ಮಾತ್ರವಲ್ಲ, ಒಬ್ಬರ ದೇಹದ ಚಿತ್ರವೂ ಅವರು ಕೊಡದೆ ನಮ್ಮದಲ್ಲ. ತೆಗೆಯದಿದ್ದರೂ, ತೆಗೆದಾರೆಂಬ ಭಯ ಹುಟ್ಟಿಸಿದರೆ ಅವರ ನೆಮ್ಮದಿಯನ್ನು ಕಸಿದಂತೆಯೇ. ನೋಟದಿಂದಲೇ ಅವಮಾನ ಉಂಡವರು ನಾವು. 1927ರಲ್ಲಿ ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದದ್ದು ಬಾಯಾರಿಕೆಗಲ್ಲ, ಘನತೆಗೆ. ಇನ್ನೊಬ್ಬರ ಘನತೆ ಕಾಯುವುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಫೋನ್ ನಮ್ಮ ಶತ್ರುವಲ್ಲ. ಕೇರಿಯಲ್ಲಿ ದೌರ್ಜನ್ಯ ನಡೆದರೆ ಸಾಕ್ಷಿ ಹಿಡಿಯುವುದು ಅದೇ. ಎಲ್ಲಿ ಎತ್ತಬೇಕು, ಎಲ್ಲಿ ಇಡಬೇಕು ಎಂಬ ವಿವೇಕವೇ ಸಮ್ಮಾ ಸತಿ. ಫೋನಿಗೂ ಅದೇ ಹಿತ: ಐಫೋನನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಎಂದು ಕಂಪನಿಯೇ ಹೇಳುತ್ತದೆ, ಸೌನಾದ ಬಿಸಿ 80 ಡಿಗ್ರಿ ದಾಟುವುದುಂಟು.

ಲಾಕರಿನಲ್ಲಿಟ್ಟು ಬಂದ ಮೇಲೆ ಕೈ ಎರಡು ಸಲ ಫೋನ್ ಹುಡುಕಿತು. ಮೂರನೆಯ ಸಲ ಉಸಿರು ಕೇಳಿಸಿತು. ಹಿರಿಯರು ಟವೆಲ್ ಸಡಿಲಿಸಿ, "ಯಾವೂರು ಮೇಷ್ಟ್ರೇ?" ಎಂದರು.

ಇಂದಿನ ಅಭ್ಯಾಸ: ಬಚ್ಚಲುಮನೆ, ಈಜುಕೊಳ, ಬಟ್ಟೆ ಬದಲಿಸುವ ಕೋಣೆ, ಸೌನಾ, ಎಲ್ಲಿಗೇ ಹೋಗಲಿ, ಬಾಗಿಲಲ್ಲೇ ಒಮ್ಮೆ ಕೇಳಿಕೊಳ್ಳೋಣ: ನನ್ನ ಕೈಯಲ್ಲಿರುವುದು ಒಳಗಿರುವವರಿಗೆ ಭಯವೋ, ಅಭಯವೋ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.