ಫೌಜಿ ಎನ್ನುವುದಕ್ಕೆ ಯಾವ ಕಾಗದ ಸಾಕ್ಷಿ?

ಪ್ರಶ್ನೆ: ನಾನು ದೇವಲ ಗಾಣಗಾಪುರದವನು. ಭೂಸೇನೆಯಲ್ಲಿ 17 ವರ್ಷ ಸೇವೆ ಮಾಡಿ ಹವಾಲ್ದಾರನಾಗಿ ಪಿಂಚಣಿ ಮೇಲೆ ಊರಿಗೆ ಬಂದಿದ್ದೇನೆ. ಹಳೇ ಮನೆ ಕೆಡವಿ ಹೊಸದು ಕಟ್ಟಿಸಲು ಮಾಜಿ ಸೈನಿಕರ ಗೃಹಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದೆ. ಕ್ಯಾಂಟೀನ್ ಕಾರ್ಡ್ ತೋರಿಸಿದರೆ ‘ಇದು ನಡೆಯೋದಿಲ್ಲ, ಸೇವೆ ಮಾಡಿದ್ದಕ್ಕೆ ದಾಖಲೆ ತನ್ನಿ’ ಎಂದರು. ನನ್ನ ಹೆಸರೂ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ. ಯಾವ ದಾಖಲೆ ಕೊಡಬೇಕು?
– ಹೆಸರು ಬೇಡವೆಂದ ಓದುಗರು, ಅಫಜಲಪುರ ತಾಲ್ಲೂಕು

ಉತ್ತರ: ಕ್ಯಾಂಟೀನ್ ಕಾರ್ಡ್ ಒಪ್ಪಲಿಲ್ಲವೆಂದು ಬ್ಯಾಂಕಿನವರ ಮೇಲೆ ಬೇಸರಪಟ್ಟುಕೊಳ್ಳಬೇಡಿ. ಆ ಕಾರ್ಡು ಸಾಮಾನು ಕೊಳ್ಳುವುದಕ್ಕೆ ಕೊಟ್ಟದ್ದು, ಇನ್ನೂ ಸೇವೆಯಲ್ಲಿರುವವರ ಹತ್ತಿರವೂ ಇರುತ್ತದೆ. ಇಸಿಎಚ್‌ಎಸ್ ಕಾರ್ಡು ಚಿಕಿತ್ಸೆಗೆ. ಬ್ಯಾಂಕಿಗೆ ತಿಳಿಯಬೇಕಾದ ಸಂಗತಿಗಳು ಬೇರೆ: ನೀವು ಸೇನೆಗೆ ಯಾವಾಗ ಸೇರಿದಿರಿ, ಹೇಗೆ ಹೊರಬಂದಿರಿ, ಸರ್ಕಾರ ನಿಮ್ಮನ್ನು ಮಾಜಿ ಸೈನಿಕರೆಂದು ಗುರುತಿಸಿದೆಯೇ, ತಿಂಗಳಿಗೆ ಎಷ್ಟು ಪಿಂಚಣಿ ಕೈಗೆ ಬರುತ್ತದೆ. ಇಷ್ಟಕ್ಕೂ ಉತ್ತರ ಕೊಡುವ ಒಂದೇ ಕಾಗದ ನಮ್ಮ ದೇಶದಲ್ಲಿ ಇಲ್ಲ. ನಮ್ಮ ಕಡೆಯ ಬಹಳ ಮಂದಿ ಫೌಜಿಗಳು ಬ್ಯಾಂಕಿಗೂ ಊರಿಗೂ ಅಲೆಯುವುದು ಇದೇ ಕಾರಣಕ್ಕೆ.

ಮೊದಲ ಸಾಕ್ಷಿ ನಿಮ್ಮ ಡಿಸ್ಚಾರ್ಜ್ ಬುಕ್. ಟ್ರಂಕಿನ ತಳದಿಂದ ಅದನ್ನು ತೆಗೆದು ಒಮ್ಮೆ ನಿಧಾನವಾಗಿ ಓದಿ. ಸೇನಾ ಸಂಖ್ಯೆ, ಹುದ್ದೆ, ತಂದೆಯ ಹೆಸರು, ಊರು, ಭರ್ತಿಯಾದ ದಿನ, ಬಿಡುಗಡೆಯಾದ ದಿನ, ನಡತೆ, ಪದಕಗಳು, ಹೆಂಡತಿ ಮಕ್ಕಳ ವಿವರ ಎಲ್ಲವೂ ಅದರಲ್ಲಿರುತ್ತವೆ. ನಾವು ಸಾಮಾನ್ಯವಾಗಿ ಪದಕಗಳ ಸಾಲನ್ನು ನೋಡಿ ಹೆಮ್ಮೆಪಟ್ಟು ಪುಸ್ತಕ ಮುಚ್ಚಿಬಿಡುತ್ತೇವೆ. ಆದರೆ ಸಾಲದ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಬಿಡುಗಡೆಯ ಕಾರಣ ಬರೆದಿರುವ ಸಾಲು. ಸೇವಾವಧಿ ಮುಗಿದು ಪಿಂಚಣಿ ಮೇಲೆ ಬಂದಿರಾ, ಸ್ವಂತ ಕೋರಿಕೆ ಮೇಲೆ ಬಂದಿರಾ, ವೈದ್ಯಕೀಯ ಕಾರಣಕ್ಕೆ ಬಂದಿರಾ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಆ ಸಾಲಿಗೆ ಏಕೆ ಅಷ್ಟು ಬೆಲೆ ಎಂದರೆ, ಸೇನೆಯಲ್ಲಿ ಇದ್ದವರೆಲ್ಲ ಕಾನೂನಿನ ಕಣ್ಣಿಗೆ ಮಾಜಿ ಸೈನಿಕರಲ್ಲ. 1987ರ ಜುಲೈ 1ರ ನಂತರ ಹೊರಬಂದವರ ವಿಷಯದಲ್ಲಿ ಪಿಂಚಣಿಯೇ ಮುಖ್ಯ ಅಳತೆ. ಸಿಪಾಯಿಗೆ ಪಿಂಚಣಿ ಸಿಗಲು 15 ವರ್ಷದ ಸೇವೆ ಬೇಕು. ಅದಕ್ಕಿಂತ ಮೊದಲೇ ಮನೆಯ ತಾಪತ್ರಯಕ್ಕೆಂದು ಸ್ವಂತ ಕೋರಿಕೆ ಮೇಲೆ, ಪಿಂಚಣಿ ಇಲ್ಲದೆ ಬಂದವರಿಗೆ ಆ ಸ್ಥಾನ ಸಿಗುವುದಿಲ್ಲ. ನೀವು 17 ವರ್ಷ ಪೂರೈಸಿ ಪಿಂಚಣಿ ಪಡೆದವರು, ನಿಮಗೆ ಈ ಚಿಂತೆಯಿಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಸೇರಿದವರಿಗೂ ಊರಿನಲ್ಲಿ ಫೌಜಿ ಎಂದೇ ಹೆಸರು. ಅವು ಗೃಹ ಸಚಿವಾಲಯದ ಪಡೆಗಳಾದ್ದರಿಂದ ಮಾಜಿ ಸೈನಿಕರ ಗುರುತಿನ ಚೀಟಿ ಅವರಿಗೆ ಸಿಗುವುದಿಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥದಲ್ಲಿ ನಾಲ್ಕು ವರ್ಷ ಮುಗಿಸಿ ಬರುವ ಹುಡುಗರಿಗೂ ಯೋಜನೆಯ ನಿಯಮದಂತೆ ಪಿಂಚಣಿಯಿಲ್ಲ, ಮಾಜಿ ಸೈನಿಕ ಸ್ಥಾನವೂ ಇಲ್ಲ. ಗಡಿಯಲ್ಲಿ ಒಂದೇ ಚಳಿಯಲ್ಲಿ ನಿಂತವರ ನಡುವೆ ಕಾಗದ ಎಳೆಯುವ ಈ ಗೆರೆ ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಬ್ಯಾಂಕಿನ ಮೇಜಿನ ಮುಂದೆ ಕೂರುವ ಮೊದಲು ತಾವು ಯಾವ ಕಡೆ ಇದ್ದೇವೆಂದು ಪ್ರತಿಯೊಬ್ಬರೂ ತಿಳಿದಿರಲೇಬೇಕು.

ಎರಡನೆಯದು ಮಾಜಿ ಸೈನಿಕರ ಗುರುತಿನ ಚೀಟಿ. ಇದನ್ನು ಕೊಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ನಿಮಗೆ ಹತ್ತಿರದ್ದು ಕಲಬುರಗಿಯ ಕಚೇರಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಆಧಾರ್, ಭಾವಚಿತ್ರ ತೆಗೆದುಕೊಂಡು ಹೋಗಿ ಹೆಸರು ನೋಂದಾಯಿಸಬೇಕು. ನಿವೃತ್ತರಾಗಿ ಬಂದವರು ಮಾಡಬೇಕಾದ ಮೊದಲ ಕೆಲಸವೇ ಇದು. ಆದರೆ ಊರು ಸೇರಿದ ಮೇಲೆ ಹೊಲ, ಮಗಳ ಮದುವೆ ಎಂದು ಅದನ್ನು ಮುಂದೂಡುತ್ತಾ ಹೋದವರು ಬಹಳ. ಚೀಟಿ ಮಾಡಿಸಿಲ್ಲದಿದ್ದರೆ ಸಾಲದ ಅರ್ಜಿಗಿಂತ ಮೊದಲು ಇದನ್ನು ಮುಗಿಸಿ.

ಮೂರನೆಯದು ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ. ನಿಜ ಹೇಳಬೇಕೆಂದರೆ ಬ್ಯಾಂಕು ಹೆಚ್ಚು ಹೊತ್ತು ನೋಡುವುದು ಇದನ್ನೇ. ಅಮೆರಿಕದಲ್ಲಿ 1944ರ ಕಾನೂನಿನಿಂದ ಬಂದ ಗೃಹಸಾಲ ಯೋಜನೆಯಲ್ಲಿ ಮಾಜಿ ಯೋಧರ ಸಾಲದ ಒಂದು ಭಾಗಕ್ಕೆ ಸರ್ಕಾರವೇ ಜಾಮೀನು ನಿಲ್ಲುತ್ತದೆ. ಹಾಗಾಗಿ ಅಲ್ಲಿ ಸೇವೆಯ ಪುರಾವೆಯೇ ಸಾಲದ ಬಾಗಿಲು ತೆಗೆಯುತ್ತದೆ. ನಮ್ಮಲ್ಲಿ ಅಂಥ ಜಾಮೀನು ಇಲ್ಲ. ಸ್ಟೇಟ್ ಬ್ಯಾಂಕಿನ ‘ಶೌರ್ಯ’ ಗೃಹಸಾಲದಂಥವು ಸೇನೆಯವರಿಗೆಂದೇ ಇದ್ದರೂ ಸಾಲ ನಿಲ್ಲುವುದು ಪಿಂಚಣಿಯ ಮೇಲೆ. ಸೇವೆಯ ಪುರಾವೆ ನಿಮಗೆ ರಿಯಾಯಿತಿ ತಂದುಕೊಡಬಹುದು, ಸಾಲದ ಮೊತ್ತ ತೀರ್ಮಾನಿಸುವುದು ಪಿಪಿಒ.

ಇಲ್ಲಿ ಎಚ್ಚರ ಬೇಕು. ನಿಮ್ಮ ಮೊದಲ ಪಿಪಿಒದಲ್ಲಿ ಇರುವುದು ನೀವು ನಿವೃತ್ತರಾದ ಕಾಲದ ಮೊತ್ತ. ಆಮೇಲೆ ವೇತನ ಆಯೋಗ ಬಂತು, 2014ರ ಜುಲೈ 1ರಿಂದ ಜಾರಿಯಾದ ‘ಒಂದು ಶ್ರೇಣಿ ಒಂದು ಪಿಂಚಣಿ’ ಬಂತು, ಮೊತ್ತ ಏರಿತು. ಹಳೇ ಪಿಪಿಒ ಒಂದನ್ನೇ ಹಿಡಿದುಕೊಂಡು ಹೋದರೆ ಲೆಕ್ಕ ಆ ಹಳೇ ಮೊತ್ತಕ್ಕೇ ಆಗಿ ಸಾಲ ಕಡಿಮೆಯಾಗುತ್ತದೆ. ಪರಿಷ್ಕೃತ ಪಿಪಿಒ ಮತ್ತು ಇತ್ತೀಚಿನ ಪಿಂಚಣಿ ಚೀಟಿ ಎರಡೂ ಜೊತೆಗಿರಲಿ. ಈಗ ರಕ್ಷಣಾ ಪಿಂಚಣಿಯೆಲ್ಲ ‘ಸ್ಪರ್ಶ್’ ವ್ಯವಸ್ಥೆಗೆ ಬರುತ್ತಿದೆ. ಅದನ್ನು ನಡೆಸುವುದು ಪ್ರಯಾಗರಾಜದಲ್ಲಿರುವ ರಕ್ಷಣಾ ಲೆಕ್ಕಪತ್ರ ಕಚೇರಿ. ಲಾಗಿನ್ ಆದರೆ ಎರಡನ್ನೂ ಅಲ್ಲಿಂದಲೇ ಇಳಿಸಿಕೊಳ್ಳಬಹುದು. ನಮ್ಮ ಭಾಗದಲ್ಲಿ ಬಹಳ ಮಂದಿಯ ಪಿಂಚಣಿ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನಲ್ಲಿತ್ತು. ಅದು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೇ ಪಾಸ್‌ಬುಕ್ಕುಗಳನ್ನು ಎಸೆಯಬೇಡಿ, ಪಿಂಚಣಿ ತಪ್ಪದೆ ಬಂದಿದೆಯೆಂದು ತೋರಿಸಲು ಅವೂ ಬೇಕಾಗಬಹುದು.

ಇನ್ನೊಂದು ಸಂಗತಿ ಕಮ್ಯುಟೇಶನ್. ನಿವೃತ್ತಿಯ ವೇಳೆ ಸೈನಿಕರು ಮೂಲ ಪಿಂಚಣಿಯ ಅರ್ಧದವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡ ಭಾಗ 15 ವರ್ಷ ಪ್ರತಿ ತಿಂಗಳು ಕಡಿತವಾಗಿ, ಆಮೇಲೆ ಪೂರ್ಣ ಪಿಂಚಣಿ ಮರಳುತ್ತದೆ. ನಿಮಗೆ 15 ವರ್ಷ ತುಂಬಲು ಒಂದೆರಡು ವರ್ಷವಷ್ಟೇ ಬಾಕಿಯಿದ್ದರೆ ಆ ತಾರೀಖನ್ನು ಅರ್ಜಿಯಲ್ಲಿ ಬರೆದು ತಿಳಿಸಿ, ಕಂತಿನ ಲೆಕ್ಕ ಹಾಕುವವರಿಗೆ ಅದು ಗೊತ್ತಿರಲಿ.

ಇನ್ನು ಹೆಸರಿನ ತೊಂದರೆ. ನಿಮ್ಮ ಊರಿನಲ್ಲಿ ಮನೆಗೊಬ್ಬ ದತ್ತಾತ್ರೇಯ ಇರುತ್ತಾನೆ. ಶಾಲೆಯಲ್ಲಿ ದತ್ತಾತ್ರೇಯ, ಭರ್ತಿ ರ‍್ಯಾಲಿಯಲ್ಲಿ ಗುಮಾಸ್ತ ಬರೆದದ್ದು ದತ್ತಾತ್ರಯ, ಆಧಾರಿನಲ್ಲಿ ದತ್ತಪ್ಪ. ಊರಿನ ಹೆಸರೂ ಹಾಗೆಯೇ. ಇಂಗ್ಲಿಷಿನಲ್ಲಿ ಕೆಲವು ಕಡೆ ಗಾಣಗಾಪುರ, ಕೆಲವು ಕಡೆ ಗಂಗಾಪುರ. ಮಹಾರಾಷ್ಟ್ರದಲ್ಲಿ ಗಂಗಾಪುರವೆಂಬ ಬೇರೆ ತಾಲ್ಲೂಕೇ ಇದೆ. ಜಿಲ್ಲೆ 2014ರ ನವೆಂಬರ್ 1ರವರೆಗೆ ಗುಲ್ಬರ್ಗ, ಆಮೇಲೆ ಕಲಬುರಗಿ. ಜಿಲ್ಲೆಯ ಹೆಸರು ಬದಲಾದದ್ದು ಸರ್ಕಾರದ ಆದೇಶದಿಂದ, ಅದಕ್ಕೆ ಯಾರೂ ತಕರಾರು ತೆಗೆಯಲಾರರು. ನಿಮ್ಮ ಹೆಸರಿನ ವ್ಯತ್ಯಾಸವನ್ನು ಮಾತ್ರ ನೀವೇ ಸರಿಪಡಿಸಬೇಕು. ಸೇನೆಯ ದಾಖಲೆಯನ್ನು ತಿದ್ದಿಸುವುದಕ್ಕಿಂತ ಆಧಾರ್ ಮತ್ತು ಪ್ಯಾನನ್ನು ಅದಕ್ಕೆ ಹೊಂದಿಸುವುದು ಸುಲಭ ಎಂಬುದು ನನ್ನ ಅಭಿಪ್ರಾಯ. ಪಿಂಚಣಿ ಬರುತ್ತಿರುವುದು ಸೇನೆಯ ದಾಖಲೆಯ ಹೆಸರಿಗೆ. ಅದನ್ನು ಅಲುಗಾಡಿಸಿದರೆ ಪಿಂಚಣಿಯೇ ನಡುವೆ ತೊಡಕಿಗೆ ಬೀಳಬಹುದು. ತಿದ್ದುಪಡಿ ಆಗುವವರೆಗೆ ಈ ಹೆಸರುಗಳೆಲ್ಲ ಒಬ್ಬನೇ ವ್ಯಕ್ತಿಯವು ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಜೊತೆಗಿಡಿ.

ಡಿಸ್ಚಾರ್ಜ್ ಬುಕ್ಕೇ ಕಳೆದಿದ್ದರೆ? ಭೀಮೆಯ ದಂಡೆಯ ಊರುಗಳಲ್ಲಿ ಹೊಳೆ ಮನೆಗೆ ನುಗ್ಗಿ ಕಾಗದಪತ್ರ ಹಾಳಾಗುವುದು ಹೊಸತೇನಲ್ಲ. ಆಗ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅಫಿಡವಿಟ್ ಮಾಡಿಸಿ, ಕಲಬುರಗಿಯ ಸೈನಿಕ ಕಚೇರಿಯ ಮೂಲಕ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅರ್ಜಿ ಕಳಿಸಬೇಕು. ಮರಾಠಾ ಲಘು ಪದಾತಿದಳದವರಿಗೆ ಅದು ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರಿನಲ್ಲಿ, ತೋಪಖಾನೆಯವರಿಗೆ ನಾಸಿಕ್ ರೋಡಿನಲ್ಲಿ, ಇಎಂಇಯವರಿಗೆ ಸಿಕಂದರಾಬಾದಿನಲ್ಲಿ, ಸಿಗ್ನಲ್ಸ್‌ನವರಿಗೆ ಜಬಲ್ಪುರದಲ್ಲಿ. ಸೇನಾ ಸಂಖ್ಯೆ ನೆನಪಿದ್ದರೆ ಅರ್ಧ ಕೆಲಸ ಆದಂತೆ.

ಮೂಲ ದಾಖಲೆಯೇ ನಾಶವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಸೈನಿಕರ ಕಡತಗಳು ಸುಟ್ಟುಹೋದವು. ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರ ಸೇವೆಯನ್ನು ಸಂಬಳದ ಪಟ್ಟಿಯಂಥ ಬೇರೆ ಕಾಗದಗಳಿಂದ ಮತ್ತೆ ಕಟ್ಟಬೇಕಾಯಿತು. ಆದ್ದರಿಂದ ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಜೆರಾಕ್ಸ್ ತೆಗೆಸಿ ದೃಢೀಕರಿಸಿಡಿ, ಮೊಬೈಲಿನಲ್ಲೂ ಫೋಟೊ ಇಟ್ಟುಕೊಳ್ಳಿ. ಮೂಲ ಪುಸ್ತಕವನ್ನು ಬ್ಯಾಂಕಿನಲ್ಲಿ ತೋರಿಸಿ ವಾಪಸ್ ತನ್ನಿ, ಯಾರ ಕೈಗೂ ಬಿಟ್ಟು ಬರಬೇಡಿ.

ಸೈನಿಕ ಮಂಡಳಿಯಿಂದ ಗೃಹಸಾಲದ ಅರ್ಧ ಬಡ್ಡಿ ಸಿಗುತ್ತದೆಯಂತೆ ಎಂದು ಕೆಲವರು ಕೇಳುತ್ತಿರುತ್ತಾರೆ. ಕೇಂದ್ರೀಯ ಸೈನಿಕ ಮಂಡಳಿಯ ಆ ನೆರವು ಯುದ್ಧದಲ್ಲಿ ಮಡಿದವರ ಕುಟುಂಬ, ಯುದ್ಧದಲ್ಲಿ ಅಂಗವಿಕಲರಾದವರು, ಸೇವೆಯ ಕಾರಣಕ್ಕೇ ಶಾಂತಿಕಾಲದಲ್ಲಿ ಪ್ರಾಣ ಅಥವಾ ಅಂಗ ಕಳೆದುಕೊಂಡವರ ಮನೆಗಳಿಗೆ ಮೀಸಲು. ಅದೂ 1 ಲಕ್ಷ ರೂಪಾಯಿವರೆಗಿನ ಸಾಲಕ್ಕೆ. ಇಂದು ಒಂದು ಲಕ್ಷಕ್ಕೆ ಅಡಿಪಾಯ ಏಳುವುದೂ ಕಷ್ಟ. ಈ ಮಿತಿಯನ್ನು ಏರಿಸಲೇಬೇಕು.

ಸೇವೆಯ ದಾಖಲೆ ಕೂಡಿಸಿದ ಮೇಲೆ ನಿವೇಶನದ ಕಾಗದ ನೋಡಿ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆಗಳು ನಿಮ್ಮ ಹೆಸರಿಗೆ ಇಲ್ಲದೆ, ಮನೆ ಇನ್ನೂ ಅಪ್ಪನ ಅಥವಾ ಅಜ್ಜನ ಹೆಸರಿನಲ್ಲೇ ಇದ್ದರೆ ಯಾವ ಪದಕವೂ ಸಾಲ ಕೊಡಿಸಲಾರದು. ವಾರಸಾ ಮಾಡಿಸುವ ಕೆಲಸ ಇಂದೇ ಶುರುವಾಗಲಿ.

ಕೊನೆಗೆ, ಡಿಸ್ಚಾರ್ಜ್ ಬುಕ್ಕನ್ನು ತೆಗೆದಾಗ ಮನೆಯವರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಅವರ ಹೆಸರು, ಹುಟ್ಟಿದ ದಿನ ಅದರಲ್ಲಿ ಮತ್ತು ಪಿಪಿಒದಲ್ಲಿ ಆಧಾರಿನಲ್ಲಿರುವಂತೆಯೇ ಇವೆಯೇ ಎಂದು ಓದಿ ನೋಡಿ. ತಪ್ಪಿದ್ದರೆ ನೀವಿರುವಾಗಲೇ ಸೈನಿಕ ಕಚೇರಿಯ ಮೂಲಕ ತಿದ್ದಿಸಿಬಿಡಿ. ಗೃಹಸಾಲದ ಕಂತು ಹದಿನೈದು ಇಪ್ಪತ್ತು ವರ್ಷದ್ದು. ನಾಳೆ ಕುಟುಂಬ ಪಿಂಚಣಿಗಾಗಿ ಅವರು ಒಬ್ಬರೇ ಕಚೇರಿ ಕಚೇರಿ ಅಲೆಯುವಂತೆ ಆಗಬಾರದು.