ವಿದೇಶದ ಶಾಲೆ ಕರೆದರೆ ಹೋಗಬೇಕೆ? ಯಾದಗಿರಿ ಸೀಮೆಯ ಶಿಕ್ಷಕರಿಗೆ ಹನ್ನೆರಡು ಸೂತ್ರಗಳು

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಗೆ ಗುಳೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಗೆ ಹೊರಡುವ ಕುಟುಂಬಗಳನ್ನು ನಾವೆಲ್ಲ ನೋಡುತ್ತಲೇ ಬೆಳೆದವರು. ಈಗ ಅದೇ ಮನೆಗಳಲ್ಲಿ ಬಿ.ಇಡಿ ಮುಗಿಸಿದ ಮಕ್ಕಳಿದ್ದಾರೆ. ಅವರ ಮೊಬೈಲಿಗೆ ಬರುವ ಕರೆ ಬೇರೆ: ದುಬೈ, ಮಸ್ಕತ್, ಮಾಲೆಯ ಶಾಲೆಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರು ಬೇಕಂತೆ. ಹತ್ತು ಹನ್ನೆರಡು ಸಾವಿರ ಗೌರವಧನಕ್ಕೆ ಅತಿಥಿ ಶಿಕ್ಷಕರಾಗಿ ದುಡಿದು, ಅದಕ್ಕೂ ತಿಂಗಳುಗಟ್ಟಲೆ ಕಾಯುವವರಿಗೆ ಇಂಥ ಕರೆ ಬಂದ ರಾತ್ರಿ ನಿದ್ದೆ ಹತ್ತುವುದಿಲ್ಲ. ಮರುದಿನ ಚಹಾದಂಗಡಿಯಲ್ಲೇ ಶುರು: "ಏನ್ರಿ ಮಾಸ್ತರ, ದುಬೈಕ್ ಹೊಂಟೀರಂತಲ್ರಿ?" ಊರವರ ಬಾಯಿ, ಏಜೆಂಟನ ಅವಸರ ಎರಡನ್ನೂ ಬದಿಗಿಟ್ಟು ಕಾಗದ ಮುಂದಿಟ್ಟುಕೊಂಡು ತೀರ್ಮಾನಿಸಿ. ಅದಕ್ಕಾಗಿ ಈ ಸೂತ್ರಗಳು.

1. ಮೊದಲು ಊರಿನ ಲೆಕ್ಕ ಹಾಕಿ.

ಎಷ್ಟೋ ಜನ ದುಬೈ ಸಂಬಳವನ್ನು ಅತಿಥಿ ಶಿಕ್ಷಕರ ಗೌರವಧನದ ಜೊತೆ ಮಾತ್ರ ಹೋಲಿಸುತ್ತಾರೆ. ಅದು ಅರ್ಧ ಲೆಕ್ಕ. ನಿಮ್ಮ ಕೈಯಲ್ಲಿ ಇನ್ನೊಂದು ಆಸ್ತಿ ಇದೆ: ಸಂವಿಧಾನದ 371(ಜೆ) ವಿಧಿ. ಅದರಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿ ಗುಂಪಿನ ಹುದ್ದೆಗಳ ಶೇ. 80ರಷ್ಟು ಸ್ಥಳೀಯರಿಗೇ ಮೀಸಲು. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆ ಕೊಟ್ಟಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕದ ಪಾಲಿಗಿತ್ತು. ಮೂರನೇ ಒಂದು ಪಾಲು ನಮ್ಮ ಏಳು ಜಿಲ್ಲೆಗಳಿಗೇ ಬಂದಂತಾಯಿತು. ಬೆಂಗಳೂರು, ಮೈಸೂರು ಕಡೆಯ ಅಭ್ಯರ್ಥಿಗೆ ಈ ಅನುಕೂಲ ಇಲ್ಲ.

ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ಟಿಇಟಿ ಪಾಸಾಗಿದೆಯೇ? ಪದವಿ, ಬಿ.ಇಡಿ ಅಂಕಗಳು ಚೆನ್ನಾಗಿವೆಯೇ? ಮುಂದಿನ ನೇಮಕಾತಿಯ ಹೊತ್ತಿಗೆ ವಯೋಮಿತಿ ಉಳಿದಿರುತ್ತದೆಯೇ? ಮೂರಕ್ಕೂ ಹೌದು ಎಂದಾದರೆ, ವಿದೇಶಕ್ಕೆ ಹೋಗುವುದೆಂದರೆ ಓದುವ ಸಮಯವನ್ನು ಮಾರಿದಂತೆ. ಅದರ ಬೆಲೆಯನ್ನೂ ಸಂಬಳದಿಂದ ಕಳೆಯಬೇಕು. ಇಲ್ಲಿನ ನೇಮಕಾತಿಯಲ್ಲಿ ಲೆಕ್ಕಕ್ಕೆ ಬರುವುದು ಆಯ್ಕೆ ಪರೀಕ್ಷೆ, ಟಿಇಟಿ, ಪದವಿ ಮತ್ತು ಬಿ.ಇಡಿ ಅಂಕಗಳು. ದುಬೈಯಲ್ಲಿ ಐದು ವರ್ಷ ಕಲಿಸಿ ಬಂದರೂ ಒಂದು ಅಂಕ ಹೆಚ್ಚು ಸಿಗದು. ಸಮಾಧಾನದ ಸಂಗತಿಯೂ ಒಂದಿದೆ. ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವನಪರ್ಯಂತ ಮಾನ್ಯತೆ ಇದೆ, ನೀವು ಹೊರದೇಶದಲ್ಲಿದ್ದಾಗ ಅದು ಹಳತಾಗುವುದಿಲ್ಲ.

ಆಯ್ಕೆಪಟ್ಟಿಯ ಅಂಚಿನಲ್ಲಿ ನಿಂತವರಿಗೆ ನನ್ನ ಮಾತು ನೇರ: ಹೋಗಬೇಡಿ, ಇನ್ನೊಂದು ನೇಮಕಾತಿ ಬರೆಯಿರಿ.

2. ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಪಾಠ ಮಾಡಿ ನೋಡಿ.

ಹೊರದೇಶದ ಭಾರತೀಯ ಶಾಲೆಗಳಲ್ಲಿ ಸಂಬಳದ ಕೆಲಸ ಇರುವುದು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೇ ಕಲಿಸಿದವರಿಗೆ ವಿಷಯ ಎಷ್ಟೇ ಕರಗತವಾಗಿದ್ದರೂ ಅಲ್ಲಿ ಮೊದಲ ತಿಂಗಳೇ ಉಸಿರು ಕಟ್ಟುತ್ತದೆ. ಮಗು ಎದ್ದು ನಿಂತು ಪ್ರಶ್ನೆ ಕೇಳಿದಾಗ ಸಿದ್ಧ ಮಾಡಿಕೊಂಡು ಹೋದ ಟಿಪ್ಪಣಿ ನೆರವಿಗೆ ಬರುವುದಿಲ್ಲ. ಮೊಬೈಲನ್ನು ಎದುರಿಗಿಟ್ಟು, ಮನೆಯ ಗೋಡೆಯೇ ಬೋರ್ಡು ಎಂದುಕೊಂಡು ಪೂರ್ತಿ ಒಂದು ಪಾಠ ರೆಕಾರ್ಡ್ ಮಾಡಿ, ನೀವೇ ಕೇಳಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಅಕ್ಕೋರಿಗೋ ಮಾಸ್ತರಿಗೋ ಕೇಳಿಸಿ. ಸಾಲದೆನಿಸಿದರೆ ಆರು ತಿಂಗಳು ಇದಕ್ಕೇ ಕೊಡಿ. ಶಾಲೆಗಳು ಮುಂದಿನ ವರ್ಷವೂ ಕರೆಯುತ್ತವೆ.

ಕನ್ನಡ ಕಲಿಸುವ ಕೆಲಸವೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಎರಡು ಸಲ ವಿಚಾರಿಸಿ. ದುಬೈಯಲ್ಲಿ 2014ರಿಂದ ನಡೆಯುತ್ತಿರುವ ಕನ್ನಡ ಪಾಠಶಾಲೆ ನಮ್ಮೆಲ್ಲರ ಹೆಮ್ಮೆ. ಅಲ್ಲಿ ಮಕ್ಕಳಿಗೆ ಪಾಠ ಉಚಿತ, ಕಲಿಸುವವರದು ಸ್ವಯಂಸೇವೆ. ಹೋದ ಮೇಲೆ ಅಲ್ಲಿ ನೀವೂ ಕಲಿಸಿ, ಆದರೆ ಅದನ್ನು ನೌಕರಿ ಎಂದು ನಂಬಿ ವಿಮಾನ ಹತ್ತಬೇಡಿ.

3. ಶಾಲೆ ನಿಜವಾಗಿ ಇದೆಯೇ?

ಭಾರತದ ಪಠ್ಯಕ್ರಮದ ಶಾಲೆಯಾದರೆ ಸಿಬಿಎಸ್‌ಇ ಜಾಲತಾಣದಲ್ಲಿ ಹೊರದೇಶದ ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಸಿಗುತ್ತದೆ. ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರದ್ದು. ಅದು ಮಾಡಿದ ತಪಾಸಣೆಯ ವರದಿಗಳು ಎಲ್ಲರಿಗೂ ತೆರೆದಿವೆ. ಇಂಗ್ಲೆಂಡಿನ ಶಾಲೆಯಾದರೆ ವೀಸಾ ಪ್ರಾಯೋಜಕತ್ವದ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ. ನೇಮಕಾತಿ ಪತ್ರ ಶಾಲೆಯ ಸ್ವಂತ ಇಮೇಲ್ ವಿಳಾಸದಿಂದ ಬಂದಿದೆಯೋ, ಯಾರೋ ತೆರೆದ ಜಿಮೇಲ್‌ನಿಂದಲೋ ನೋಡಿ. ಪತ್ರದಲ್ಲಿರುವ ನಂಬರನ್ನು ನಂಬದೆ, ಶಾಲೆಯ ಜಾಲತಾಣದಲ್ಲಿರುವ ನಂಬರಿಗೆ ನೀವೇ ಫೋನು ಮಾಡಿ. ಈಗ ಅಲ್ಲಿ ಕೆಲಸ ಮಾಡುತ್ತಿರುವ ಒಬ್ಬ ಭಾರತೀಯ ಶಿಕ್ಷಕರ ಜೊತೆ ಮಾತಾಡಿಸಿ ಎಂದು ಕೇಳಿ. ಒಳ್ಳೆಯ ಶಾಲೆ ಇದಕ್ಕೆ ಹಿಂಜರಿಯುವುದಿಲ್ಲ.

4. ನೌಕರಿಗೆ ಲಕ್ಷಗಟ್ಟಲೆ ದುಡ್ಡು ಕೊಡಬೇಡಿ.

ಇಲ್ಲಿ ನಿಧಾನಿಸಿ, ಏಕೆಂದರೆ ನಮ್ಮ ಕಡೆಯ ಮನೆಗಳು ಮುಳುಗುವುದು ಇಲ್ಲೇ. ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಏಜೆಂಟರ ನೋಂದಣಿ ನಿಜವೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ನೋಡಬಹುದು. ಕರ್ನಾಟಕ ಸರ್ಕಾರದ್ದೇ ಆದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಮೊದಲು ಅದರ ಬಾಗಿಲು ತಟ್ಟಿ. ಇನ್ನು ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ಮಾಲೀಕರು ನೌಕರರಿಂದ ವಸೂಲಿ ಮಾಡುವಂತಿಲ್ಲ.

ಓದಿದವರು ಮೋಸ ಹೋಗುವುದಿಲ್ಲ ಎಂಬ ಭ್ರಮೆ ಬೇಡ. ಅಮೆರಿಕದ ಲೂಯಿಸಿಯಾನಾ ರಾಜ್ಯದ ಸರ್ಕಾರಿ ಶಾಲೆಗಳಿಗೆ ಫಿಲಿಪೈನ್ಸ್‌ನಿಂದ ಸುಮಾರು 350 ಶಿಕ್ಷಕರು ಹೋದರು. ಒಬ್ಬೊಬ್ಬರೂ ಏಜೆನ್ಸಿಗೆ ಸುಮಾರು 16,000 ಡಾಲರ್ ತೆತ್ತಿದ್ದರು, ಹೆಚ್ಚಿನವರು ಸಾಲ ಮಾಡಿ. ನ್ಯಾಯಾಲಯಕ್ಕೆ ಹೋದ ಮೇಲೆ 2012ರ ಡಿಸೆಂಬರಿನಲ್ಲಿ ಅವರಿಗೆ 45 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪು ಬಂತು. ಶಾಲೆಗಳು ನಿಜವಾಗಿದ್ದವು, ನೌಕರಿಯೂ ನಿಜವಾಗಿತ್ತು. ಕೊರಳಿಗೆ ಬಿದ್ದದ್ದು ಸಾಲ. ನಿಮ್ಮ ಅಪ್ಪ ಕಾಲುವೆ ನೀರಿನ ಎರಡೆಕರೆ ಹೊಲ ಒತ್ತಿ ಹಾಕುವೆನೆಂದರೆ, ಅವ್ವ ಬಂಗಾರ ಬಿಚ್ಚಿ ಕೊಟ್ಟರೆ, ಆ ನೌಕರಿಯೇ ಬೇಡವೆನ್ನಿ.

5. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಬೇಡಿ.

"ಈಗ ವಿಸಿಟ್ ಮೇಲೆ ಬರ್ರಿ, ಆಮೇಲೆ ಬದಲಾಯಿಸೋಣು" ಎಂಬ ಮಾತಿಗೆ ಒಪ್ಪಬೇಡಿ. ಮಾಲ್ಡೀವ್ಸ್‌ಗೆ ಪ್ರವಾಸಿಗಳಾಗಿ ಹೋಗಲು ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕಿಲ್ಲ. ಅದನ್ನೇ ತೋರಿಸಿ ಮೋಸ ಮಾಡುವವರಿದ್ದಾರೆ. ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು, ಅದು ಹೊರಡುವ ಮುಂಚೆಯೇ ಕೈಯಲ್ಲಿರಬೇಕು.

6. ಒಟ್ಟು ಸಂಬಳ ಬಿಡಿ, ಮೂಲವೇತನ ಕೇಳಿ.

4,000 ದಿರ್ಹಮ್ ಎಂದು ಪತ್ರದಲ್ಲಿದ್ದರೆ ಅದರಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು? ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗ್ರಾಚ್ಯುಟಿಯನ್ನು ಮೂಲವೇತನದ ಮೇಲೆ ಲೆಕ್ಕ ಹಾಕುತ್ತಾರೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಮೂಲವೇತನ 1,600 ಎಂದು ಬರೆದು ಉಳಿದದ್ದನ್ನು ಭತ್ಯೆ ಎಂದರೆ, ವಾಪಸು ಬರುವಾಗ ಕೈಗೆ ಸಿಗುವ ಇಡುಗಂಟು ಅಷ್ಟಕ್ಕೇ ಇಳಿಯಿತು. ಬೇಸಿಗೆ ರಜೆಯ ಸಂಬಳ ಕೊಡುತ್ತಾರೆಯೇ? ಊರಿಗೆ ಬರುವ ಟಿಕೆಟ್ ಯಾರದು? ಆರೋಗ್ಯ ವಿಮೆ ಇದೆಯೇ? ನಾಲ್ಕಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ.

7. ಉಳಿತಾಯವೇ ನಿಜವಾದ ಸಂಬಳ.

ಅದೇ 4,000 ದಿರ್ಹಮ್ ತೆಗೆದುಕೊಳ್ಳಿ. ಶಾಲೆ ಮನೆ ಕೊಡದೆ, ನೀವು ಕೋಣೆ ಹಂಚಿಕೊಂಡು ಬಾಡಿಗೆಗೆ 1,200, ಊಟಕ್ಕೆ 600, ಓಡಾಟ ಮತ್ತು ಫೋನಿಗೆ 300 ಕೊಟ್ಟಿರಿ ಎನ್ನಿ. ಉಳಿದದ್ದು 1,900. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೆ 43,700 ರೂಪಾಯಿ. ಅದೇ ಶಾಲೆ ಮನೆ ಕೊಟ್ಟರೆ ಉಳಿಕೆ 71,300ಕ್ಕೆ ಏರುತ್ತದೆ. ಆದ್ದರಿಂದ 3,200 ಮತ್ತು ಮನೆ ಎನ್ನುವ ಶಾಲೆ, ಬರೀ 4,000 ಎನ್ನುವ ಶಾಲೆಗಿಂತ ಮೇಲು. ದೇಶದಿಂದ ದೇಶಕ್ಕೆ ದುಡ್ಡು ಕಳಿಸುವ ನಿಯಮವನ್ನೂ ನೋಡಿ. ಮಾಲ್ಡೀವ್ಸ್‌ನಲ್ಲಿ ಡಾಲರ್ ಕೊರತೆಯಿಂದ ಬ್ಯಾಂಕುಗಳು ತಿಂಗಳಿಗೆ ಇಷ್ಟೇ ಕಳಿಸಬಹುದೆಂದು ಮಿತಿ ಹಾಕಿ, ದುಡಿದದ್ದು ಕೈಯಲ್ಲಿದ್ದೂ ಅಲ್ಲಿನ ಭಾರತೀಯ ಶಿಕ್ಷಕರು ಮನೆಗೆ ಕಳಿಸಲಾಗದೆ ಪರದಾಡಿದ್ದಾರೆ.

ನನ್ನ ಅಳತೆ ಇದು: ತಿಂಗಳ ಉಳಿತಾಯ ನಿಮ್ಮ ಈಗಿನ ಇಡೀ ಗಳಿಕೆಯ ಮೂರು ಪಟ್ಟಿಗಿಂತ ಕಡಿಮೆಯಾದರೆ ಊರು ಬಿಡುವುದು ಬೇಡ.

8. ಕಾಗದಪತ್ರಗಳಿಗೆ ಎರಡು ಮೂರು ತಿಂಗಳು ಮೊದಲೇ ಕೈ ಹಾಕಿ.

ಪದವಿ ಮತ್ತು ಬಿ.ಇಡಿ ಪ್ರಮಾಣಪತ್ರಗಳು ಮೊದಲು ರಾಜ್ಯದಲ್ಲಿ ದೃಢೀಕರಣವಾಗಬೇಕು, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ. ಓಮನ್, ಬಹ್ರೈನ್, ಸೌದಿ ಅರೇಬಿಯಾಕ್ಕೆ ಆ ಸಚಿವಾಲಯ ಹಾಕುವ ಅಪೊಸ್ಟಿಲ್ ಎಂಬ ಮುದ್ರೆ ಸಾಕು. ದುಬೈಗೆ ಅದು ನಡೆಯದು, ರಾಯಭಾರ ಕಚೇರಿಯ ಮುದ್ರೆಯೂ ಬೇಕು. ನಮ್ಮಲ್ಲಿ ಹಿರಿಯರ ಪದವಿ ಗುಲ್ಬರ್ಗ ವಿಶ್ವವಿದ್ಯಾಲಯದ್ದು, ಇತ್ತೀಚಿನವರದು ರಾಯಚೂರಿನ ವಿಶ್ವವಿದ್ಯಾಲಯದ್ದು. ಘಟಿಕೋತ್ಸವದ ಪ್ರಮಾಣಪತ್ರ ಇನ್ನೂ ಪಡೆಯದೆ ಅಂಕಪಟ್ಟಿಯಲ್ಲೇ ಕಾಲ ಹಾಕಿದವರು ಬಹಳ ಜನ, ನಾಳೆಯೇ ಅರ್ಜಿ ಹಾಕಿ. ಹತ್ತನೆಯ ತರಗತಿಯ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಅಪ್ಪನ ಹೆಸರು, ಅಡ್ಡಹೆಸರು ಹಿಂದುಮುಂದಾಗಿ ಬರೆಸುವುದು ನಮ್ಮ ಕಡೆ ಸಾಮಾನ್ಯ, ವೀಸಾ ನಿಲ್ಲುವುದೂ ಅದರಿಂದಲೇ. ದೂರಶಿಕ್ಷಣದ ಪದವಿಯಾದರೆ ಒಪ್ಪುತ್ತೀರಾ ಎಂದು ಮೊದಲೇ ಕೇಳಿ. ಮೂಲ ಪ್ರಮಾಣಪತ್ರಗಳನ್ನಾಗಲಿ ಪಾಸ್‌ಪೋರ್ಟನ್ನಾಗಲಿ ಯಾರ ಬಳಿಯೂ ಒತ್ತೆ ಇಡಬೇಡಿ.

9. ಮನೆಯವರನ್ನು ಕರೆಸಿಕೊಳ್ಳಲು ಆಗುತ್ತದೆಯೇ?

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕುಟುಂಬಕ್ಕೆ ವೀಸಾ ಮಾಡಿಸಲು ಕನಿಷ್ಠ 4,000 ದಿರ್ಹಮ್ ಸಂಬಳ ಬೇಕು, ಇಲ್ಲವೇ 3,000 ಮತ್ತು ಮನೆ. 3,500ಕ್ಕೆ ಮನೆಯಿಲ್ಲದೆ ಒಪ್ಪಿದರೆ ಹೆಂಡತಿ ಮಕ್ಕಳು ಊರಲ್ಲೇ. ಮದುವೆಗೆ ಬಂದ ಹುಡುಗಿಯರನ್ನು ಮನೆಯವರು "ಒಬ್ಬಾಕೀನ ಹ್ಯಾಂಗ ಇರ್ತೀಯವ್ವ?" ಎಂದು ತಡೆಯುವುದುಂಟು. ಶಾಲೆಯೇ ಶಿಕ್ಷಕಿಯರಿಗೆ ವಸತಿ, ಬಸ್ಸು ಕೊಡುತ್ತದೆಯೇ ಎಂದು ಬರಹದಲ್ಲಿ ತರಿಸಿ, ಆ ಪತ್ರವನ್ನು ಅಪ್ಪ ಅವ್ವನ ಮುಂದಿಡಿ. ಅವರ ಭಯ ಸುಳ್ಳಲ್ಲ, ಅದಕ್ಕೆ ಉತ್ತರ ಬೇಕು ಅಷ್ಟೆ. ಉತ್ತರ ಸಿಕ್ಕಮೇಲೂ ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ ಯಾರನ್ನೂ ತಡೆಯಬಾರದು.

10. ಸರ್ಕಾರಿ ನೌಕರಿಯಲ್ಲಿದ್ದರೆ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೆಜ್ಜೆ ಇಡಬೇಡಿ.

11. ಬಿಟ್ಟುಬರುವ ದಾರಿ ಓದಿ.

ಪರೀಕ್ಷಾರ್ಥ ಅವಧಿ ಎಷ್ಟು? ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ಆರು ತಿಂಗಳಿಗೆ ಮೀರುವಂತಿಲ್ಲ. ವರ್ಷದ ನಡುವೆ ಬಿಟ್ಟರೆ ಎಷ್ಟು ದಿನದ ನೋಟಿಸು, ಎಷ್ಟು ಕಡಿತ? ವಾರಕ್ಕೆ ಎಷ್ಟು ಪೀರಿಯಡ್ಡು? ನಿಮ್ಮ ವಿಷಯವನ್ನೇ ಕೊಡುತ್ತಾರೆಯೇ ಅಥವಾ ಕೊಟ್ಟದ್ದನ್ನು ಕಲಿಸಬೇಕೇ? ಸಹಿ ಹಾಕುವ ಮುಂಚೆ ಒಪ್ಪಂದವನ್ನು ಒಬ್ಬ ವಕೀಲರಿಂದ ಓದಿಸಿ. ಆ ಒಂದೆರಡು ಸಾವಿರ ದಂಡವಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಕೊಲ್ಲಿ ದೇಶಗಳ ಮಾತು. ಇಂಗ್ಲೆಂಡಿನ ದಾರಿಯೂ ಒಂದಿದೆ. 2023ರ ಫೆಬ್ರುವರಿಯಿಂದ ಭಾರತದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಅಲ್ಲಿನ ಅರ್ಹ ಶಿಕ್ಷಕ ಮಾನ್ಯತೆಗೆ ನೇರವಾಗಿ ಅರ್ಜಿ ಹಾಕಬಹುದು. ಅಲ್ಲಿ ಸಂಬಳ ಹೆಚ್ಚು, ತೆರಿಗೆ ಮತ್ತು ಬಾಡಿಗೆಯೂ ಹೆಚ್ಚು, ಆಯ್ಕೆ ಬಿಗಿ. ಅನುಭವ ಗಟ್ಟಿಯಿದ್ದು ಇಂಗ್ಲಿಷ್ ಸಲೀಸಾಗಿದ್ದರೆ ಪ್ರಯತ್ನಿಸಿ.

12. ವಾಪಸು ಬರುವ ವರ್ಷವನ್ನು ಹೊರಡುವ ಮುಂಚೆಯೇ ಬರೆದಿಡಿ.

ಮೂರು ವರ್ಷ, ಹೆಚ್ಚೆಂದರೆ ಐದು. ಆ ದುಡ್ಡಿನಿಂದ ಏನು ಮಾಡಬೇಕು ಎಂಬುದನ್ನೂ ಬರೆಯಿರಿ: ಸಾಲ ತೀರಿಸುವುದೋ, ತಂಗಿಯ ಓದೋ, ಮನೆಯೋ. ಗುರಿ ಬರೆಯದೆ ಹೋದವರು ಪ್ರತಿ ರಜೆಯಲ್ಲೂ ಇನ್ನೊಂದು ವರ್ಷ ಎಂದು ಹೋಗುತ್ತಾರೆ.

ಜಿಲ್ಲೆಯ ಮಾತನ್ನೂ ಆಡಲೇಬೇಕು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 50.59 ಫಲಿತಾಂಶದೊಂದಿಗೆ ಕೊನೆಯ ಸ್ಥಾನ. ಇಂಥ ಜಿಲ್ಲೆಯ ಒಳ್ಳೆಯ ಶಿಕ್ಷಕ ಹೊರಟುಹೋದರೆ ಒಂದು ತರಗತಿ ಖಾಲಿಯಾಗುತ್ತದೆ, ಅದು ನಿಜ. ಆದರೆ ಆ ಖಾಲಿ ತುಂಬುವ ಹೊಣೆ ಹನ್ನೆರಡು ಸಾವಿರಕ್ಕೆ ದುಡಿಯುವವರ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಹೊಣೆ ಖಾಯಂ ಹುದ್ದೆ ತುಂಬದ ಸರ್ಕಾರದ್ದು. ಹೋಗುವವರಲ್ಲಿ ನನ್ನ ಕೇಳಿಕೆ ಇಷ್ಟು: ಅಲ್ಲಿ ಕಲಿತ ಇಂಗ್ಲಿಷ್, ಪ್ರಯೋಗಾಲಯದ ಪದ್ಧತಿ, ಮಕ್ಕಳನ್ನು ಮಾತಾಡಿಸುವ ಬಗೆ ಇವನ್ನು ರಜೆಗೆ ಬಂದಾಗ ನೀವು ಓದಿದ ಹೈಸ್ಕೂಲಿನ ಮಕ್ಕಳಿಗೆ ಒಂದು ವಾರ ಕೊಡಿ.

ಶಾಲೆ ನಿಜ, ವೀಸಾ ಕೆಲಸದ್ದು, ಮನೆ ಶಾಲೆಯದು, ಸಾಲ ಇಲ್ಲ ಎಂದಾದರೆ ಹೋಗಿ, ಧೈರ್ಯವಾಗಿ ಹೋಗಿ. ಒಂದರಲ್ಲಿ ಅನುಮಾನವಿದ್ದರೂ ಸಹಿ ಹಾಕುವ ಮುನ್ನ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನು ಮಾಡಿ ಕೇಳಿ. ನಂಬರು 1800 11 3090, ಕರೆ ಉಚಿತ.