ಪನೀರಿನ ಹಾಲೊಡಕು: ಹಸುವಿಗೆ ಎಷ್ಟು, ಹೇಗೆ?

ಹಾಲು ಕಾಯಿಸಿ, ಹುಳಿ ಬೆರೆಸಿ ಪನೀರ್ ತೆಗೆದ ಮೇಲೆ ಉಳಿಯುವ ಹಸಿರು ಛಾಯೆಯ ತಿಳಿನೀರೇ ಹಾಲೊಡಕು. ನೂರು ಲೀಟರ್ ಹಾಲಿಗೆ 75ರಿಂದ 80 ಲೀಟರಿನಷ್ಟು ಸಿಗುತ್ತದೆ. ನಿಮ್ಮೂರಿನಲ್ಲಿ ಸಣ್ಣ ಪನೀರ್ ಘಟಕವಿದ್ದರೆ ಇದನ್ನು ಚರಂಡಿಗೆ ಬಿಡುವುದನ್ನು ನೋಡಿರುತ್ತೀರಿ. ಮರುದಿನವೇ ನಾತ, ನೊಣ. ಕೆರೆ ಸೇರಿದರೆ ಅಲ್ಲಿಯ ನೀರಿನ ಆಮ್ಲಜನಕ ಕರಗಿ ಮೀನುಗಳಿಗೂ ಉಸಿರುಕಟ್ಟುತ್ತದೆ.

ಹೀಗೆ ಹರಿದುಹೋಗುವುದು ಬರಿಯ ನೀರಲ್ಲ. ಹಾಲೊಡಕಿನ ಶೇ. 93–94 ಭಾಗ ನೀರೇ ಆದರೂ ಉಳಿದ ಘನಾಂಶದಲ್ಲಿ ಹೆಚ್ಚಿನದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಈ ಸಕ್ಕರೆ ಬಲುಬೇಗ ಹುಳಿಯುತ್ತದೆ. ಆಗ ಹುಟ್ಟುವ ಬ್ಯುಟಿರಿಕ್ ಆಮ್ಲವು ಹಾಲಿನ ಕೊಬ್ಬಿನ ತಯಾರಿಗೂ ಒದಗುತ್ತದೆ. ಹಾಗೆಂದು ಡೇರಿಯಲ್ಲಿ ಫ್ಯಾಟ್ ಏರಿಯೇ ತೀರುತ್ತದೆಂದು ನಾನು ಭರವಸೆ ಕೊಡಲಾರೆ.

ಬಲುಬೇಗ ಹುಳಿಯುವುದೇ ಅಪಾಯವೂ ಹೌದು. ನನ್ನ ಪರಿಚಯದ ರೈತರೊಬ್ಬರು, ಕಲಗಚ್ಚಿನಂತೆ ಇದೂ ಒಂದು ಎಂದುಕೊಂಡು, ಮೊದಲ ದಿನವೇ ರಾತ್ರಿ ಡ್ರಮ್ಮನ್ನು ಹಸುವಿನ ಮುಂದಿಟ್ಟು ಮಲಗಿದರು. ಬೆಳಿಗ್ಗೆ ಡ್ರಮ್ಮು ಬರಿದು. ಹಸುವಿನ ಎಡಪಕ್ಕೆ ಉಬ್ಬಿತ್ತು, ಮೆಲುಕು ನಿಂತಿತ್ತು, ಸಗಣಿ ನೀರಾಗಿತ್ತು. ಪಶುವೈದ್ಯರ ದಯೆಯಿಂದ ಹಸು ಉಳಿಯಿತು. ಹಾಲು ಮಾತ್ರ ಆ ಸೂಲಿನಲ್ಲಿ ಹಿಂದಿನ ಮಟ್ಟಕ್ಕೆ ಬರಲಿಲ್ಲ.

ಆದ್ದರಿಂದ ಹಾಲೊಡಕನ್ನು ಕುಡಿಯುವ ನೀರೆಂದು ಎಣಿಸದೆ ದಾಣಿಯೆಂದೇ ಎಣಿಸಿ. ಮಿಶ್ರತಳಿಯ ಹಸುವಿಗೆ ಮೊದಲು ದಿನಕ್ಕೆ ಎರಡು ಲೀಟರ್ ಕೊಡಿ. ದಿನಕ್ಕೊಂದು ಲೀಟರಿನಂತೆ ಏರಿಸುತ್ತ ಹತ್ತು ಲೀಟರಿಗೆ ತಂದು ನಿಲ್ಲಿಸಿ. ಅದನ್ನೂ ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ. ಮೊದಲು ಹುಲ್ಲು, ಆಮೇಲೆ ಹಾಲೊಡಕು. ಕತ್ತರಿಸಿದ ರಾಗಿಹುಲ್ಲಿನ ಮೇಲೆ ಚಿಮುಕಿಸಿದರೆ ಒಣಹುಲ್ಲೂ ರುಚಿಯಾಗುತ್ತದೆ. ಸಗಣಿ ತೆಳುವಾದರೆ ಪ್ರಮಾಣ ತಗ್ಗಿಸಿ. ಶುದ್ಧ ನೀರನ್ನು ಎಂದಿನಂತೆ ಬೇರೆಯಾಗಿಯೇ ಇಡಬೇಕು.

ಉಳಿತಾಯ ಎಷ್ಟು? ಹತ್ತು ಲೀಟರಿನಲ್ಲಿರುವ ಘನಾಂಶ ಆರುನೂರು ಗ್ರಾಮಿನಷ್ಟು. ಇದಕ್ಕೆ ಬದಲಾಗಿ ಅರ್ಧ ಕಿಲೋ ಮುಸುಕಿನ ಜೋಳದ ನುಚ್ಚನ್ನು ಕಡಿಮೆ ಮಾಡಬಹುದು. ಹಿಂಡಿಯನ್ನು ಮಾತ್ರ ಮುಟ್ಟಬೇಡಿ. ಪನೀರಿನ ಹಾಲೊಡಕಿನಲ್ಲಿ ಸಸಾರಜನಕ ತೀರ ಅತ್ಯಲ್ಪ. ಸಾಗಣೆಗೆ ಜೋಳದ ಬೆಲೆಗಿಂತ ಹೆಚ್ಚು ಖರ್ಚಾಗುವಂತಿದ್ದರೆ ಈ ಗೊಡವೆಯೇ ಬೇಡ. ನೀರು ಹೊತ್ತು ತರಲು ಬಾಡಿಗೆ ಕೊಟ್ಟಂತಾಗುತ್ತದೆ.

ತಂದ ದಿನವೇ ಮುಗಿಸಿ. ಸತು ಲೇಪದ ಬಕೆಟ್, ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಲೋಹ ಕರಗುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಬಳಸಿ, ದಿನವೂ ತೊಳೆಯಿರಿ. ಉಪ್ಪು ಬೆರೆಸಿದ ಹಾಲೊಡಕನ್ನು ತರಬೇಡಿ.

ಎಳೆಗರುವಿನ ಮಾತು ಬೇರೆ. ಹುಟ್ಟಿದ ಮೊದಲ ವಾರಗಳಲ್ಲಿ ಅದಕ್ಕೆ ಪಿಷ್ಟ ಅರಗದು, ಹಾಲಿನ ಸಕ್ಕರೆ ಅರಗುತ್ತದೆ. ಕರುಗಳ ಬದಲಿ ಹಾಲಿನ ಪುಡಿಗಳಲ್ಲಿ ಒಣಗಿಸಿದ ಹಾಲೊಡಕು ಇರುವುದು ಇದಕ್ಕಾಗಿಯೇ. ಆದರೆ ಹಸಿ ಹಾಲೊಡಕನ್ನೇ ಹಾಲಿನ ಬದಲು ಕುಡಿಸಿದರೆ ಕರು ಭೇದಿಯಿಂದ ಸೊರಗುತ್ತದೆ. ಗಿಣ್ಣುಹಾಲಿನ ಜಾಗದಲ್ಲಂತೂ ಎಂದಿಗೂ ಕೊಡಬಾರದು.